ಫಾರ್ಮ್ಯಾಟ್ ಅಂದರೆ ಅಳಿಸುವುದಲ್ಲ

ದಾವಣಗೆರೆಯ ಸ್ಟುಡಿಯೊವೊಂದರ ಕೌಂಟರಿನ ಹಿಂದೆ ಒಂದು ಚೀಟಿ ಅಂಟಿಸಿದ್ದಾರೆ: “ಮದುವೆ ವಿಡಿಯೊ ಬೇಕಾದವರು ಫಾರ್ಮ್ಯಾಟ್ ಮಾಡಿದ ಹಾರ್ಡ್‌ಡಿಸ್ಕ್ ತರತಕ್ಕದ್ದು.” ಬರೆದವರ ಮನಸ್ಸಿನಲ್ಲಿದ್ದದ್ದು ‘ಖಾಲಿ ಜಾಗ ಇರುವ’ ಎಂಬ ಮಾತು. ಆದರೆ ಇದನ್ನು ಓದಿದವರು ಮನೆಗೆ ಹೋಗಿ, ಮಗುವಿನ ನಾಮಕರಣದ ಫೋಟೊಗಳಿದ್ದ ಡಿಸ್ಕಿಗೇ ‘ಫಾರ್ಮ್ಯಾಟ್ ಹೊಡೆದು’ ತಂದುಬಿಡಬಹುದು. ಅದರಲ್ಲಿ ಮುಕ್ಕಾಲು ಭಾಗ ಖಾಲಿ ಇದ್ದಿದ್ದರೆ ಏನನ್ನೂ ಅಳಿಸಬೇಕಾಗಿಯೇ ಇರಲಿಲ್ಲ.

ಈ ಪದದ ಮೇಲೆ ನಾವು ಹೇರಿರುವ ಹೊರೆ ಒಂದೆರಡಲ್ಲ. ಮೊಬೈಲನ್ನು ಹೊಸದರಂತೆ ಮಾಡಿಸಿದರೂ ಫಾರ್ಮ್ಯಾಟ್, ವಿಂಡೋಸ್ ಮತ್ತೆ ಹಾಕಿಸಿದರೂ ಫಾರ್ಮ್ಯಾಟ್. ಪೆನ್‌ಡ್ರೈವ್ ಕೆಟ್ಟರೆ ‘ತಾನೇ ಫಾರ್ಮ್ಯಾಟ್ ಆಗೈತೆ’. ಇದರ ನಡುವೆ ಅದರ ನಿಜವಾದ ಅರ್ಥ ಕಳೆದುಹೋಗಿದೆ.

ಮೂಲಕ್ಕೆ ಹೋದರೆ ಇದು ಪುಸ್ತಕದವರ ಪದ. ಲ್ಯಾಟಿನ್ನಿನ ‘ಲಿಬೆರ್ ಫಾರ್ಮಾಟುಸ್’ ಎಂದರೆ ಇಂಥ ಆಕಾರಕ್ಕೆ ತಂದ ಪುಸ್ತಕ. ಮುದ್ರಣದ ದೊಡ್ಡ ಹಾಳೆಯನ್ನು ಎಷ್ಟು ಸಲ ಮಡಿಸಿದರು ಎಂಬುದರ ಮೇಲೆ ಪುಸ್ತಕದ ಫಾರ್ಮ್ಯಾಟ್ ನಿರ್ಧಾರವಾಗುತ್ತಿತ್ತು. ಮೂರು ಸಲ ಮಡಿಸಿದರೆ ಎಂಟು ಎಲೆ, ಹದಿನಾರು ಪುಟ. ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ಈಗಲೂ ‘1/8 ಡೆಮ್ಮಿ’ ಎಂದು ಅಚ್ಚಾಗುತ್ತದಲ್ಲ, ಅದೇ ಇದು. ಅಲ್ಲಿ ಅಳಿಸುವ ಸುಳಿವೂ ಇಲ್ಲ. ಹಾಳೆಯ ಮೇಲೆ ಒಂದಕ್ಷರ ಬೀಳುವ ಮೊದಲೇ, ಯಾವುದು ಎಲ್ಲಿ ಕೂರಬೇಕು ಎಂದು ಗೊತ್ತುಮಾಡುವ ಕೆಲಸ ಅದು.

ಕಂಪ್ಯೂಟರಿನವರು ಪದವನ್ನು ಎತ್ತಿಕೊಂಡದ್ದೂ ಇದೇ ಅರ್ಥದಲ್ಲಿ. ಮೂರೂವರೆ ಇಂಚಿನ ಫ್ಲಾಪಿ ನೆನಪಿಸಿಕೊಳ್ಳಿ. ಬರೀ ಕಾಂತದ ಲೇಪವಿದ್ದ ಆ ಹಾಳೆಯ ಒಂದೊಂದು ಮೈಗೆ 80 ಟ್ರ್ಯಾಕ್, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್ ಎಂದು ಗೆರೆ ಹಾಕಿಕೊಡುತ್ತಿದ್ದದ್ದು ಫಾರ್ಮ್ಯಾಟ್. ಎರಡೂ ಮೈ ಸೇರಿ 14,74,560 ಬೈಟ್, ‘1.44 ಎಂಬಿ’ ಎಂದು ಕರೆಯುತ್ತಿದ್ದದ್ದು ಇದನ್ನೇ. ಇವತ್ತಿನ ಡಿಸ್ಕುಗಳಿಗೆ ಈ ಗೆರೆಗಳು ಕಾರ್ಖಾನೆಯಲ್ಲೇ ಬಿದ್ದಿರುತ್ತವೆ. ನಾವು ಮಾಡುವ ಫಾರ್ಮ್ಯಾಟ್ ಅದರ ಮೇಲೆ ಫೈಲುಗಳ ಪಟ್ಟಿಯ ಪದ್ಧತಿಯೊಂದನ್ನು ಹೊಸದಾಗಿ ಶುರುಮಾಡುತ್ತದೆ. ಹಳೆಯದು ಹೋಗುವುದು ಅದರ ಪರಿಣಾಮವೇ ಹೊರತು ಅರ್ಥವಲ್ಲ.

‘ಕ್ವಿಕ್ ಫಾರ್ಮ್ಯಾಟ್’ ನೋಡಿದರೆ ಇದು ಸ್ಪಷ್ಟ. ಅದು ಪಹಣಿ ಪುಸ್ತಕ ಬದಲಿಸಿದ ಹಾಗೆ: ದಾಖಲೆಯಲ್ಲಿ ಹೆಸರಿಲ್ಲ, ಹೊಲದಲ್ಲಿ ಬೆಳೆ ನಿಂತೇ ಇದೆ, ಬೇರೆಯವರು ಬಿತ್ತುವವರೆಗೆ. ಹಾಗಾಗಿಯೇ ಹಾರ್ಡ್‌ಡಿಸ್ಕಿನಿಂದ ಕಳೆದ ಫೈಲುಗಳನ್ನು ಮರಳಿ ತೆಗೆಯಲು ಸಾಧ್ಯವಾಗುತ್ತದೆ. ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಬರೆದಿಡುವ ಎಸ್‌ಎಸ್‌ಡಿಯಲ್ಲಿ ಬಹಳ ಸಲ ಆ ಆಸೆಯೂ ಇಲ್ಲ. ವಿಸ್ಟಾ ಎಂಬ ಆವೃತ್ತಿಯಿಂದ ಈಚೆಗೆ ವಿಂಡೋಸಿನ ಪೂರ್ತಿ ಫಾರ್ಮ್ಯಾಟ್ ಮಾತ್ರ ಡಿಸ್ಕಿನುದ್ದಕ್ಕೂ ಸೊನ್ನೆ ಬರೆಯುತ್ತದೆ.

ಫೈಲುಗಳ ಪಟ್ಟಿಯ ಇಂಥ ಪದ್ಧತಿಗಳು ಹಲವು, ಗೊಂದಲ ಹುಟ್ಟುವುದೂ ಇಲ್ಲೇ. ವಿಂಡೋಸಿನದು ಎನ್‌ಟಿಎಫ್‌ಎಸ್. ಮ್ಯಾಕ್ ಅದನ್ನು ಓದುತ್ತದೆ, ಬೇರೆ ತಂತ್ರಾಂಶ ಹಾಕದೆ ಅದರ ಮೇಲೆ ಬರೆಯುವುದಿಲ್ಲ. ಮ್ಯಾಕಿನ ಎಪಿಎಫ್‌ಎಸ್, ಲಿನಕ್ಸಿನ ಇಎಕ್ಸ್‌ಟಿ4 ವಿಂಡೋಸಿಗೆ ತಾನಾಗಿ ಅರ್ಥವಾಗುವುದಿಲ್ಲ. ಮೂರಕ್ಕೂ ಹೊಂದುವುದು 2006ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಫ್ಯಾಟ್. ಆದ್ದರಿಂದ ಸ್ಟುಡಿಯೊದವರು ‘200 ಜಿಬಿ ಖಾಲಿ ಇರುವ, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಡಿಸ್ಕ್ ತನ್ನಿ’ ಎಂದು ಬರೆದರೆ ಯಾರ ಫೋಟೊವೂ ಹೋಗುವುದಿಲ್ಲ.

ಅತ್ಯಂತ ಅಪಾಯದ ಜಾಗ ಇನ್ನೊಂದಿದೆ. ಮ್ಯಾಕಿನಲ್ಲೋ ಲಿನಕ್ಸಿನಲ್ಲೋ ಬಳಸುತ್ತಿದ್ದ ಡಿಸ್ಕನ್ನು ವಿಂಡೋಸಿಗೆ ಚುಚ್ಚಿದರೆ, ‘ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಕಿಟಕಿ ಬರಬಹುದು. ಡಿಸ್ಕ್ ಕೆಟ್ಟಿಲ್ಲ, ಖಾಲಿಯೂ ಅಲ್ಲ. ವಿಂಡೋಸಿಗೆ ಅದನ್ನು ಓದಲು ಬರುವುದಿಲ್ಲ, ಅಷ್ಟೆ. ‘ರದ್ದು’ ಒತ್ತಿ, ಡಿಸ್ಕ್ ತೆಗೆದು, ಅದನ್ನು ಓದಬಲ್ಲ ಯಂತ್ರಕ್ಕೆ ಹಾಕಿ. ಯಾವುದರಿಂದ ಕಾಪಿ ಮಾಡಬೇಕೋ ಆ ಡಿಸ್ಕಿಗೆ ಫಾರ್ಮ್ಯಾಟ್ ಬೇಕಾಗುವುದೇ ಇಲ್ಲ, ಯಾವ ಕಾರಣಕ್ಕೂ.

‘ಎನ್‌ಟಿಎಫ್‌ಎಸ್‌ನಿಂದ ಎಕ್ಸ್‌ಫ್ಯಾಟಿಗೆ ಹಾಕಿದರೆ ವಿಡಿಯೊ ಕ್ವಾಲಿಟಿ ಹೋಗುತ್ತಾ?’ ಎಂದು ಕೇಳುವವರಿದ್ದಾರೆ. ಇಲ್ಲ. ಎಂಪಿ4 ಎಂಬುದು ಫೈಲಿನ ಫಾರ್ಮ್ಯಾಟ್, ಎಕ್ಸ್‌ಫ್ಯಾಟ್ ಡಿಸ್ಕಿನ ಫಾರ್ಮ್ಯಾಟ್. ಒಂದನ್ನು ಮುಟ್ಟಿದರೆ ಇನ್ನೊಂದು ಬದಲಾಗುವುದಿಲ್ಲ. ತೊಡಕು ಬೇರೆ ಕಡೆ ಇದೆ. ಫ್ಯಾಟ್32 ಎಂಬ ಹಳೆಯ ಪದ್ಧತಿಯ ಡಿಸ್ಕಿನಲ್ಲಿ 4 ಜಿಬಿ ಮುಟ್ಟುವ ಒಂದೇ ಫೈಲು ಹಿಡಿಸುವುದಿಲ್ಲ. 64 ಜಿಬಿ ಖಾಲಿಯಿದ್ದರೂ ಧಾರೆಯ ಇಡೀ ವಿಡಿಯೊ ಒಳಗೆ ಹೋಗದಿರುವುದು ಇದರಿಂದ. ಹೆಸರಿನಲ್ಲಿ ಕೋಲನ್ ಅಥವಾ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಲಿನಕ್ಸಿನಲ್ಲಿ ನಡೆಯುತ್ತದೆ, ವಿಂಡೋಸಿನಲ್ಲಿ ಇಲ್ಲ. ದೊಡ್ಡಕ್ಷರ, ಸಣ್ಣಕ್ಷರದಲ್ಲಷ್ಟೇ ಬೇರೆಯಾದ ಎರಡು ಇಂಗ್ಲಿಷ್ ಹೆಸರುಗಳು ಇಎಕ್ಸ್‌ಟಿ4ನಲ್ಲಿ ಎರಡು ಫೈಲು. ಎಕ್ಸ್‌ಫ್ಯಾಟಿಗೆ ಅವೆರಡೂ ಒಂದೇ ಹೆಸರು, ಅಜಾಗರೂಕರಾದರೆ ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ.

ಆದ್ದರಿಂದ ‘ಕಟ್’ ಬೇಡ, ‘ಕಾಪಿ’ ಮಾಡಿ. ಎರಡೂ ಕಡೆಯ ಫೈಲುಗಳ ಸಂಖ್ಯೆ, ಒಟ್ಟು ಬೈಟು ತಾಳೆ ನೋಡಿ. ‘ಸೈಜ್ ಆನ್ ಡಿಸ್ಕ್’ ನೋಡಬೇಡಿ, ಅದು ಡಿಸ್ಕಿನಿಂದ ಡಿಸ್ಕಿಗೆ ಬದಲಾಗುತ್ತದೆ. ಮುಖ್ಯವಾದ ಫೈಲಿದ್ದರೆ ಎರಡೂ ಕಡೆ ಎಸ್‌ಎಚ್‌ಎ-256, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ತೆಗೆದು ಹೋಲಿಸಿ: ವಿಂಡೋಸಿನಲ್ಲಿ ಸರ್ಟ್‌ಯುಟಿಲ್, ಲಿನಕ್ಸಿನಲ್ಲಿ ಎಸ್‌ಎಚ್‌ಎ256ಸಮ್ ಎಂಬ ಆಜ್ಞೆಗಳಿವೆ. ಇನ್ನೊಂದು ಮಾತು, ಫ್ಯಾಟ್32ಗೂ ಎಕ್ಸ್‌ಫ್ಯಾಟಿಗೂ ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4ಗಳಲ್ಲಿರುವ ಜರ್ನಲ್, ಅಂದರೆ ಪಟ್ಟಿ ತಿದ್ದುವ ಮೊದಲು ಬರೆದಿಡುವ ಟಿಪ್ಪಣಿ, ಇಲ್ಲ. ಪಟ್ಟಿ ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಪಟ್ಟಿಯೇ ಅರ್ಧಕ್ಕೆ ನಿಲ್ಲಬಹುದು. ಕಾಪಿಯ ಹಸಿರು ಪಟ್ಟಿ ತುಂಬಿದ ಮೇಲೂ ‘ಇಜೆಕ್ಟ್’ ಕೊಟ್ಟು, ತೆಗೆಯಬಹುದು ಎಂದು ಕಂಪ್ಯೂಟರ್ ಹೇಳಿದ ಮೇಲೆಯೇ ಡಿಸ್ಕಿಗೆ ಕೈ ಹಾಕಿ.