ಗಸ್ತು ನೌಕೆಗೆ ಬ್ರಹ್ಮೋಸ್ ಕೂರಿಸಿದರೆ ಸಾಕಲ್ವಾ?

ಓದುಗರ ಪ್ರಶ್ನೆ: "ಒಂದು ಡೆಸ್ಟ್ರಾಯರ್ ಕಟ್ಟುವ ದುಡ್ಡಿನಲ್ಲಿ ಹತ್ತು ಗಸ್ತು ನೌಕೆ ಬರುತ್ತವೆ. ಹತ್ತಕ್ಕೂ ನಾಲ್ಕು ನಾಲ್ಕು ಬ್ರಹ್ಮೋಸ್ ಕೂರಿಸಿ ಸಮುದ್ರಕ್ಕೆ ಬಿಟ್ಟರೆ ಆಯ್ತಲ್ಲ? ಈ ಡ್ರೋನ್ ಕಾಲದಲ್ಲಿ ನಮ್ಮ ನೌಕಾಪಡೆಗೆ ಅಷ್ಟು ದೊಡ್ಡ ಯುದ್ಧನೌಕೆ ಯಾಕೆ?"

ಆಗಲ್ಲ. ಉತ್ತರ ಇಷ್ಟೇ. ಆದರೆ ಇಷ್ಟೇ ಹೇಳಿ ಸುಮ್ಮನಾದರೆ ಮುಂದಿನ ವಾರ ಇದೇ ಪ್ರಶ್ನೆ ಬೇರೆ ಹೆಸರಲ್ಲಿ ಬರುತ್ತದೆ. ಬರುತ್ತಲೇ ಇದೆ. ಹಾಗಾಗಿ ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿ.

ಮೊದಲು ಲೆಕ್ಕ. ಅದರಲ್ಲಿ ಪ್ರಶ್ನೆ ಕೇಳಿದವರು ತಪ್ಪಿಲ್ಲ. ವಿಶಾಖಪಟ್ಟಣಂ ವರ್ಗದ ನಾಲ್ಕು ಡೆಸ್ಟ್ರಾಯರ್‌ಗಳಿಗೆ ಸುಮಾರು 35 ಸಾವಿರ ಕೋಟಿ ರೂಪಾಯಿ ಆಗಿದೆ. ಅಂದರೆ ಒಂದಕ್ಕೆ ಹತ್ತಿರ ಹತ್ತಿರ 9 ಸಾವಿರ ಕೋಟಿ. 2023ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 11 ಹೊಸ ಗಸ್ತು ನೌಕೆಗಳಿಗೆ ಸಹಿ ಹಾಕಿತು. ಏಳು ಗೋವಾ ಶಿಪ್‌ಯಾರ್ಡ್‌ಗೆ, ನಾಲ್ಕು ಕೋಲ್ಕತ್ತದ ಗಾರ್ಡನ್ ರೀಚ್‌ಗೆ. ಒಟ್ಟು 9,781 ಕೋಟಿ. ಒಂದಕ್ಕೆ 900 ಕೋಟಿಯೂ ಇಲ್ಲ. ಒಂದಕ್ಕೆ ಹತ್ತು, ಲೆಕ್ಕ ಸರಿ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕ್ಷಿಪಣಿ ಇದ್ದರೆ ಯುದ್ಧನೌಕೆ, ಇಲ್ಲದಿದ್ದರೆ ಗಸ್ತು ನೌಕೆ ಅನ್ನುವ ನಂಬಿಕೆ ಇದೆಯಲ್ಲ, ಅದು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿಬಿಟ್ಟಿದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ನಿಂತಿದೆ, ಅಲ್ಲಿಗೆ ಹೋದವರು ಗಮನಿಸಿ. ಬಂದವರೆಲ್ಲ ಫೋಟೋ ತೆಗೆಸಿಕೊಳ್ಳುವುದು ಕ್ಷಿಪಣಿಯ ಪಕ್ಕ. ಪುಟ್ಟ ದೋಣಿ, ಅದರ ಬೆನ್ನ ಮೇಲೆ ದೊಡ್ಡ ದೊಡ್ಡ ಕ್ಷಿಪಣಿ, ನೋಡಿದರೆ ಯಾರಿಗಾದರೂ ಅನ್ನಿಸುವುದು ಅದೇ: ಇಷ್ಟು ಸಣ್ಣದರಲ್ಲೇ ಕೆಲಸ ಆಗುತ್ತೆ ಅಂದಮೇಲೆ ದೊಡ್ಡದು ಯಾಕೆ? ಅದರ ಬೆನ್ನಿಗೇ 1971ರ ಕರಾಚಿ ದಾಳಿಯ ಉದಾಹರಣೆ ಬರುತ್ತದೆ.

ಸರಿ, ಕರಾಚಿಯಿಂದಲೇ ಶುರು ಮಾಡೋಣ. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಹೋಗಿ ಪಾಕಿಸ್ತಾನದ ಖೈಬರ್ ಎಂಬ ಡೆಸ್ಟ್ರಾಯರನ್ನೇ ಮುಳುಗಿಸಿದವು. ನಿಜ. ಹೆಮ್ಮೆ ಪಡುವ ಸಂಗತಿ. ಆದರೆ ಈ ಕತೆ ಹೇಳುವವರು ಎರಡು ಹೆಸರು ಬಿಟ್ಟುಬಿಡುತ್ತಾರೆ: ಕಿಲ್ತಾನ್ ಮತ್ತು ಕಚ್ಚಾಲ್. ಇವೆರಡು ಜಲಾಂತರ್ಗಾಮಿ ಬೇಟೆಯ ಚಿಕ್ಕ ಯುದ್ಧನೌಕೆಗಳು, ಅಂದರೆ ಕಾರ್ವೆಟ್‌ಗಳು. ದೋಣಿಗಳನ್ನು ಕಾಯುತ್ತಾ ಜೊತೆಗೇ ಹೋಗಿದ್ದವು. ಹಾಗೆ ಯಾಕೆ ಕಾಯಬೇಕು ಅನ್ನುವುದಕ್ಕೆ ಐದೇ ದಿನದಲ್ಲಿ ಉತ್ತರ ಸಿಕ್ಕಿತು. ಡಿಸೆಂಬರ್ 9ರಂದು ದಿಯು ಹತ್ತಿರ ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗಿನ ಜೊತೆಗೇ ಹೋದರು. ಅವರೊಂದಿಗೆ 190ಕ್ಕೂ ಹೆಚ್ಚು ಜನ. ಖುಕ್ರಿ ಜಲಾಂತರ್ಗಾಮಿ ಹುಡುಕಲೆಂದೇ ಕಟ್ಟಿದ ಫ್ರಿಗೇಟ್, ಅಂದರೆ ಡೆಸ್ಟ್ರಾಯರ್‌ಗಿಂತ ಚಿಕ್ಕ ಯುದ್ಧನೌಕೆ. ನೀರೊಳಗಿನ ಸದ್ದು ಹಿಡಿಯುವ ಅದರ ಸೋನಾರ್‌ಗಿಂತ ಎದುರಾಳಿಯ ಕಿವಿ ಚುರುಕಾಗಿತ್ತು, ಅಷ್ಟೇ. ಬೇಟೆಗೆಂದು ಕಟ್ಟಿದ ಹಡಗಿಗೇ ಈ ಗತಿ ಆದರೆ ಸೋನಾರ್ ಇಲ್ಲದೆ ನಾಲ್ಕು ಕ್ಷಿಪಣಿ ಹೊತ್ತು ಓಡಾಡುವ ಹಡಗಿನ ಪಾಡೇನು?

ಈಗ ಕಣ್ಣಿನ ವಿಷಯ. ಭೂಮಿ ದುಂಡಗಿದೆ, ರೇಡಾರ್ ಕಿರಣ ಹೆಚ್ಚುಕಮ್ಮಿ ನೇರ ಹೋಗುತ್ತದೆ. 20 ಮೀಟರ್ ಎತ್ತರದಲ್ಲಿ ರೇಡಾರ್ ಇಟ್ಟರೂ ಎದುರಿನ ಹಡಗು ಕಾಣುವುದು 35 ಕಿಲೋಮೀಟರ್ ಆಸುಪಾಸಿನಲ್ಲಿ. ಬ್ರಹ್ಮೋಸ್ ಹಾರುವುದು 290 ಕಿಲೋಮೀಟರ್, ಹೊಸ ಮಾದರಿ ಅದಕ್ಕಿಂತ ಜಾಸ್ತಿ. ನಡುವಿನ ಇನ್ನೂರೈವತ್ತು ಕಿಲೋಮೀಟರ್ ನೋಡಿ ಹೇಳುವವರು ಯಾರು? ಹೆಲಿಕಾಪ್ಟರ್ ಹೇಳಬೇಕು, ವಿಮಾನ ಹೇಳಬೇಕು, ಇಲ್ಲ ಇನ್ನೊಂದು ಹಡಗು ಹೇಳಬೇಕು. ಅವರೆಲ್ಲ ಹೇಳಿದ್ದನ್ನು ಕ್ಷಣಾರ್ಧದಲ್ಲಿ ಒಟ್ಟುಗೂಡಿಸಿ, ಇದು ಶತ್ರು ಹಡಗು, ಇದು ಎಣ್ಣೆ ಟ್ಯಾಂಕರ್, ಇದು ಮೀನುಗಾರರ ಬೋಟು ಅಂತ ವಿಂಗಡಿಸುವ ಕಂಪ್ಯೂಟರ್ ಕೋಣೆ ಬೇಕು. ಅದರಲ್ಲಿ ಮೂರು ಪಾಳಿಯಲ್ಲಿ ಕೂರುವ ಜನ ಬೇಕು. ಅವರಿಗೆ ಮಲಗಲು ಜಾಗ ಬೇಕು, ಊಟ ಬೇಕು, ನೀರು ಬೇಕು. ಹಡಗು ದೊಡ್ಡದಾಗುವುದು ಹೀಗೆ. ಯಾರೋ ಅಡ್ಮಿರಲ್‌ಗೆ ಠೀವಿ ಬೇಕು ಅಂತ ಅಲ್ಲ.

ಇದೇ ದುಂಡಗಿನ ಭೂಮಿ ನಮ್ಮನ್ನೂ ಬಿಡುವುದಿಲ್ಲ. ನೀರಿಗೆ ಐದು ಮೀಟರ್ ಮೇಲೆ ತೆವಳುತ್ತಾ ಬರುವ ಕ್ಷಿಪಣಿ ನಮ್ಮ ರೇಡಾರ್‌ಗೆ ಬೀಳುವುದೇ 27-28 ಕಿಲೋಮೀಟರ್ ಹತ್ತಿರ ಬಂದಮೇಲೆ. ಶಬ್ದಕ್ಕಿಂತ ಸ್ವಲ್ಪ ನಿಧಾನದ್ದಾದರೆ ಒಂದೂವರೆ ನಿಮಿಷ ಸಿಗುತ್ತದೆ. ಬ್ರಹ್ಮೋಸ್ ವೇಗದ್ದಾದರೆ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಏನಿದೆ ನಮ್ಮ ಸರಯೂ ವರ್ಗದ ಗಸ್ತು ನೌಕೆಯಲ್ಲಿ? ಮುಂದೆ ಒಂದು 76 ಮಿಲಿಮೀಟರ್ ಗನ್. ಎರಡು 30 ಮಿಲಿಮೀಟರ್ ಗನ್. ಕಡಲ್ಗಳ್ಳರಿಗೆ ಇದು ಧಾರಾಳವಾಯಿತು. ಒಂದರ ಹಿಂದೆ ಒಂದು ನಾಲ್ಕು ಕ್ಷಿಪಣಿ ಬಂದರೆ ಕೈಮುಗಿಯುವುದೊಂದೇ ಬಾಕಿ. ಒಂದು ಮಾತು ನೆನಪಿರಲಿ: ಹಡಗಿಗೆ ಬ್ರಹ್ಮೋಸ್ ಕೂರಿಸಿದ ದಿನದಿಂದಲೇ ಅದು ಎದುರಾಳಿಯ ಪಟ್ಟಿಯಲ್ಲಿ ಮೇಲಕ್ಕೆ ಹೋಗುತ್ತದೆ. ಗಸ್ತು ನೌಕೆಯನ್ನು ಬಿಟ್ಟುಬಿಡಬಹುದಾಗಿದ್ದವನು ಈಗ ಬಿಡುವುದಿಲ್ಲ.

"ಹಾಗಾದರೆ ರಕ್ಷಣೆಯ ಕ್ಷಿಪಣಿಯನ್ನೂ ಕೂರಿಸಿ" ಅಂತೀರಿ. ಕೂರಿಸೋಣ. 2018ರಲ್ಲಿ ನಮ್ಮ ಬೆಂಗಳೂರಿನ ಬಿಇಎಲ್‌ಗೆ ನೀಲಗಿರಿ ವರ್ಗದ ಏಳು ಫ್ರಿಗೇಟ್‌ಗಳ ವಾಯುರಕ್ಷಣಾ ವ್ಯವಸ್ಥೆಗೆ ಆರ್ಡರ್ ಬಂತು. 9,200 ಕೋಟಿ. ಏಳರಿಂದ ಭಾಗಿಸಿ. ಒಂದು ಹಡಗಿಗೆ 1,300 ಕೋಟಿ ದಾಟುತ್ತದೆ. ಇದರಲ್ಲಿ ಹಡಗು ಇಲ್ಲ, ಎಂಜಿನ್ ಇಲ್ಲ, ಬ್ರಹ್ಮೋಸ್ ಇಲ್ಲ, ಬರೀ ಮೇಲಿನಿಂದ ಬರುವುದನ್ನು ತಡೆಯುವ ವ್ಯವಸ್ಥೆ. ನಿಮ್ಮ ಗಸ್ತು ನೌಕೆ ಪೂರ್ತಿ ಸೇರಿ 900 ಕೋಟಿ. ಮೂಗಿಗಿಂತ ಮೂಗುತಿ ಭಾರ ಆಯಿತು! ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಆ ರೇಡಾರ್‌ಗೆ ಹೆಚ್ಚು ಕರೆಂಟ್ ಬೇಕು, ಆದ್ದರಿಂದ ದೊಡ್ಡ ಜನರೇಟರ್. ಬಿಸಿಯಾಗುತ್ತದೆ, ಆದ್ದರಿಂದ ತಣ್ಣೀರಿನ ಪ್ಲಾಂಟ್. ಎತ್ತರದಲ್ಲಿ ಭಾರ ಬಿದ್ದರೆ ಹಡಗು ವಾಲುತ್ತದೆ, ಆದ್ದರಿಂದ ಅಗಲ ಜಾಸ್ತಿ ಮಾಡಬೇಕು. ಅಗಲವಾದರೆ ವೇಗ ಇಳಿಯುತ್ತದೆ, ಆದ್ದರಿಂದ ದೊಡ್ಡ ಎಂಜಿನ್. ಹೀಗೆ ಒಂದೊಂದೇ ಸೇರಿಸುತ್ತಾ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಏನು ಗೊತ್ತಾ? ಫ್ರಿಗೇಟ್. ಅದೂ ಕೆಟ್ಟ ಫ್ರಿಗೇಟ್. ಯಾಕೆಂದರೆ ಶುರುವಿನಿಂದ ಅದಕ್ಕೆಂದೇ ನಕ್ಷೆ ಹಾಕಿರಲಿಲ್ಲ.

ಪೆಟ್ಟು ತಿನ್ನುವ ಶಕ್ತಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಫೋಟೋದಲ್ಲಿ ಅದು ಕಾಣಿಸುವುದಿಲ್ಲವಲ್ಲ. 1987ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಟಾರ್ಕ್ ಫ್ರಿಗೇಟ್‌ಗೆ ಇರಾಕಿ ವಿಮಾನದ ಎರಡು ಎಕ್ಸೊಸೆಟ್ ಕ್ಷಿಪಣಿ ಬಡಿದವು. 37 ನಾವಿಕರು ಸತ್ತರು. ಹಡಗು ಮುಳುಗಲಿಲ್ಲ. ಬೆಂಕಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗದ ಹಾಗೆ ಅಡ್ಡಗೋಡೆಗಳು, ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ಓಡುವ ಪಂಪು, ಬೇರೆ ಬೇರೆ ದಾರಿಯಲ್ಲಿ ಎಳೆದ ಕೇಬಲ್ಲು, ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿಯಿಡೀ ಪೈಪು ಹಿಡಿಯಲು ಸಾಕಷ್ಟು ಜನ. ಗಸ್ತು ನೌಕೆಯಲ್ಲಿ ಇವನ್ನೆಲ್ಲ ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ. ಅದಕ್ಕೇ ಅದು ಅಗ್ಗ. ಅಗ್ಗದಲ್ಲಿ ಸಿಗುವುದರ ಗುಟ್ಟೇ ಅದು.

ಇಷ್ಟು ಹೇಳಿದ ಮೇಲೂ ಒಬ್ಬರು "ಧನುಷ್" ಎತ್ತುತ್ತಾರೆ. ಗೊತ್ತು. 2000ನೇ ಇಸವಿಯಿಂದ ಐಎನ್‌ಎಸ್ ಸುಭದ್ರಾ, ಆಮೇಲೆ ಸುವರ್ಣಾ ಎಂಬ ಗಸ್ತು ನೌಕೆಗಳಿಂದ ಪೃಥ್ವಿಯ ನೌಕಾ ಮಾದರಿಯಾದ ಧನುಷ್ ಹಾರಿಸಿ ಪರೀಕ್ಷೆ ಮಾಡಿದ್ದಾರೆ. ಗಸ್ತು ನೌಕೆಯಿಂದ ಬ್ಯಾಲಿಸ್ಟಿಕ್ ಕ್ಷಿಪಣಿ! ಆದರೆ ಅದನ್ನು ಇಟ್ಟಿದ್ದು ಹೆಲಿಕಾಪ್ಟರ್ ಇಳಿಯುವ ಜಾಗದಲ್ಲಿ. ಅಂದರೆ ಕ್ಷಿಪಣಿ ಇದ್ದಾಗ ಹೆಲಿಕಾಪ್ಟರ್ ಇಲ್ಲ, ದೂರ ನೋಡುವ ಕಣ್ಣೇ ಹೋಯಿತು. ಹಾರಿಸಲು ಆಗುತ್ತದಾ ಅನ್ನುವುದು ಒಂದು ಪ್ರಶ್ನೆ, ಹಾರಿಸಿದ ಮೇಲೆ ಬದುಕಿ ಬರುತ್ತದಾ ಅನ್ನುವುದು ಇನ್ನೊಂದು. ಸುಭದ್ರಾ ಇವತ್ತಿಗೂ ಗಸ್ತು ನೌಕೆಯೇ.

ನೌಕಾಪಡೆಗೆ ಸಣ್ಣ ಹಡಗಿನಲ್ಲಿ ಕ್ಷಿಪಣಿ ಬೇಡ ಅಂತ ಅಲ್ಲ. 2023ರ ಮಾರ್ಚ್‌ನಲ್ಲಿ ಗಸ್ತು ನೌಕೆಗಳಿಗೆ ಸಹಿ ಹಾಕಿದ ದಿನವೇ ಕೊಚ್ಚಿ ಶಿಪ್‌ಯಾರ್ಡ್‌ಗೆ ಆರು ಕ್ಷಿಪಣಿ ನೌಕೆಗಳ ಆರ್ಡರನ್ನೂ ಕೊಟ್ಟರು. ಸುಮಾರು 9,800 ಕೋಟಿ. ಅದೇ ದುಡ್ಡಿಗೆ ಅಲ್ಲಿ ಹನ್ನೊಂದು, ಇಲ್ಲಿ ಆರು. ಗಸ್ತು ನೌಕೆಗೇ ಕ್ಷಿಪಣಿ ಸಿಕ್ಕಿಸಿ ಕೆಲಸ ಮುಗಿಸುವ ಹಾಗಿದ್ದರೆ ಎರಡೆರಡು ಆರ್ಡರ್ ಯಾಕೆ ಕೊಡುತ್ತಿದ್ದರು? ಬ್ರಿಟನ್‌ನಲ್ಲೂ ಇದೇ ಗಲಾಟೆ ಇದೆ. ಅವರ ಸ್ಪೇ, ಟಾಮಾರ್ ಎಂಬ ಗಸ್ತು ನೌಕೆಗಳು 2021ರಲ್ಲಿ ಇಂಡೋ-ಪೆಸಿಫಿಕ್‌ಗೆ ಹೊರಟವು. ಒಂದು 30 ಮಿಲಿಮೀಟರ್ ಗನ್ನೇ ಅವುಗಳ ದೊಡ್ಡ ಆಯುಧ. ಅಲ್ಲೂ ಜನ "ಕ್ಷಿಪಣಿ ಹಾಕಿ, ಕ್ಷಿಪಣಿ ಹಾಕಿ" ಅಂತ ಕೂಗುತ್ತಲೇ ಇದ್ದಾರೆ.

ಹಾಗಂತ ಗಸ್ತು ನೌಕೆ ಕೀಳು ಅಂದುಕೊಂಡರೆ ಅದು ಇನ್ನೊಂದು ತಪ್ಪು. ನನ್ನನ್ನು ಕೇಳಿದರೆ ನಮ್ಮಲ್ಲಿ ಅವು ಇನ್ನೂ ಜಾಸ್ತಿ ಇರಬೇಕು. 2023ರ ಡಿಸೆಂಬರ್ 23ರಂದು ಸೌದಿಯಿಂದ ನಮ್ಮ ನವಮಂಗಳೂರು ಬಂದರಿಗೆ ಬರುತ್ತಿದ್ದ ಕೆಮ್ ಪ್ಲೂಟೊ ಟ್ಯಾಂಕರ್‌ಗೆ ಗುಜರಾತ್ ಆಚೆಯ ಸಮುದ್ರದಲ್ಲಿ ಡ್ರೋನ್ ಬಡಿಯಿತು. ಬೆಂಕಿ ಹತ್ತಿತು. ಆ ಟ್ಯಾಂಕರ್ ಹತ್ತಿರ ಧಾವಿಸಿ, ಮುಂಬೈಗೆ ಕಾವಲಾಗಿ ಕರೆತಂದಿದ್ದು ವಿಕ್ರಮ್, ಕೋಸ್ಟ್ ಗಾರ್ಡ್‌ನ ಗಸ್ತು ನೌಕೆ. ಇನ್ನೊಂದು ಡ್ರೋನ್ ಬಂದರೆ ಹೊಡೆಯಲಿ ಅಂತ ಅರಬ್ಬಿ ಸಮುದ್ರದಲ್ಲಿ ನಿಲ್ಲಿಸಿದ್ದು ಮೊರ್ಮುಗೋವಾ, ಕೊಚ್ಚಿ, ಕೋಲ್ಕತ್ತಾ ಡೆಸ್ಟ್ರಾಯರ್‌ಗಳನ್ನು. ಯಾವ ಕೆಲಸಕ್ಕೆ ಯಾವ ಹಡಗು ಅನ್ನುವುದು ಆ ಒಂದೇ ವಾರದಲ್ಲಿ ಕಣ್ಣಿಗೆ ಕಟ್ಟುವ ಹಾಗೆ ಕಂಡಿತು.

ಮರುತಿಂಗಳೇ ಸರಯೂ ವರ್ಗದ ಸುಮಿತ್ರಾ 36 ಗಂಟೆಯೊಳಗೆ ಕಡಲ್ಗಳ್ಳರಿಂದ ಎರಡು ಮೀನುಗಾರಿಕಾ ಹಡಗು ಬಿಡಿಸಿತು. ಮೊದಲನೆಯದರಲ್ಲಿ 17 ಇರಾನಿಗಳು, ಎರಡನೆಯದರಲ್ಲಿ 19 ಪಾಕಿಸ್ತಾನಿಗಳು. ಒಂದೂ ಬ್ರಹ್ಮೋಸ್ ಬೇಕಾಗಲಿಲ್ಲ. 2024ರ ಮಾರ್ಚ್‌ನಲ್ಲಿ ರುಯೆನ್ ಹಡಗಿನಲ್ಲಿದ್ದ 35 ಕಡಲ್ಗಳ್ಳರನ್ನು ಹಿಡಿಯಲು 7 ಸಾವಿರ ಟನ್ ಮೀರಿದ ಐಎನ್‌ಎಸ್ ಕೋಲ್ಕತ್ತಾ ನಲವತ್ತು ಗಂಟೆ ಬೆನ್ನಟ್ಟಿತು. ಸುಭದ್ರಾ ಕೂಡ ಇತ್ತು, ಆಕಾಶದಿಂದ ಕಮಾಂಡೊಗಳೂ ಇಳಿದರು. ಕಾರ್ಯಾಚರಣೆ ಅದ್ಭುತವೇ. ಆದರೆ ಕಳ್ಳರ ಹಿಂದೆ ಓಡಿಸಿ ಓಡಿಸಿ ಡೆಸ್ಟ್ರಾಯರ್‌ನ ಗ್ಯಾಸ್ ಟರ್ಬೈನ್ ಸವೆಸುವುದು ದುಬಾರಿ ಚಾಳಿ. ನಿಜವಾಗಿ ಚರ್ಚೆ ಆಗಬೇಕಾದದ್ದು ಇದು. ದಿನನಿತ್ಯದ ಕಾವಲಿಗೆ ಸಾಕಷ್ಟು ಗಸ್ತು ನೌಕೆ ಇದ್ದರೆ ದೊಡ್ಡ ಹಡಗುಗಳು ತಮ್ಮ ಕೆಲಸದ ಅಭ್ಯಾಸ ಮಾಡಿಕೊಂಡು, ರಿಪೇರಿ ಮುಗಿಸಿಕೊಂಡು ಸಿದ್ಧವಾಗಿರುತ್ತವೆ.

ಸ್ನೇಹ ಬೆಳೆಸುವ ಕೆಲಸಕ್ಕೂ ಅವೇ. 2025ರ ಏಪ್ರಿಲ್ 5ರಂದು ಕಾರವಾರದಿಂದ ಹೊರಟ ಸುನಯನಾ ನೆನಪಿದೆಯಾ? ಒಂಬತ್ತು ದೇಶಗಳ 44 ನಾವಿಕರನ್ನು ಹತ್ತಿಸಿಕೊಂಡು ತಾಂಜಾನಿಯಾ, ಮೊಜಾಂಬಿಕ್, ಮಾರಿಷಸ್, ಸೇಶೆಲ್ಸ್, ಮಾಲ್ಡೀವ್ಸ್ ಸುತ್ತಿ ಬಂತು. ಮಾಲ್ಡೀವ್ಸ್ ಬಂದರಿಗೆ 16 ಬ್ರಹ್ಮೋಸ್ ಹೊತ್ತ ಹಡಗು ಕಳಿಸಿ ಸ್ನೇಹ ಅಂದರೆ ಅವರಿಗೂ ಮುಜುಗರ, ನಮಗೂ ಮುಜುಗರ.

ಈಗ ಯಾರೂ ಕೇಳದ ಒಂದು ಪ್ರಶ್ನೆ. ಡೆಸ್ಟ್ರಾಯರಾ, ಗಸ್ತು ನೌಕೆಯಾ ಅಂತ ಕಿತ್ತಾಡುವವರು ನಮ್ಮಲ್ಲಿ ಮೈನ್ ಸ್ವೀಪರ್ ಎಷ್ಟಿವೆ ಅಂತ ಯಾಕೆ ಕೇಳುವುದಿಲ್ಲ? ಬಂದರಿನ ಬಾಯಲ್ಲಿ ಶತ್ರು ನೀರೊಳಗೆ ಇಟ್ಟುಹೋದ ಸ್ಫೋಟಕಗಳನ್ನು ಹುಡುಕಿ ತೆಗೆಯುವ ಹಡಗು ಅದು. ನೋಡಲು ಚೆಂದ ಇಲ್ಲ. ಜನವರಿ 26ರ ಸ್ತಬ್ಧಚಿತ್ರಕ್ಕೆ ಯಾರೂ ಕರೆಯುವುದಿಲ್ಲ. ನಮ್ಮ ಕಾರವಾರದ ಹೆಸರಿನದೇ ಒಂದಿತ್ತು, ಐಎನ್‌ಎಸ್ ಕಾರವಾರ್. 1986ರಲ್ಲಿ ಸೇವೆಗೆ ಸೇರಿ 2017ರ ಮೇನಲ್ಲಿ ನಿವೃತ್ತಿಯಾಯಿತು. 2019ರ ಏಪ್ರಿಲ್‌ನಲ್ಲಿ ಕೊನೆಯದಾದ ಐಎನ್‌ಎಸ್ ಕೋಳಿಕ್ಕೋಡ್ ಕೂಡ ಹೋಯಿತು. ಆಮೇಲೆ ಸೊನ್ನೆ.

ಗೋವಾದಲ್ಲಿ ದಕ್ಷಿಣ ಕೊರಿಯಾದ ಕಂಪನಿಯ ಜೊತೆ 12 ಹಡಗು ಕಟ್ಟುವ 32 ಸಾವಿರ ಕೋಟಿಯ ಯೋಜನೆ ಇತ್ತು. ವರ್ಷಗಟ್ಟಲೆ ಮಾತುಕತೆ ನಡೆದು 2018ರಲ್ಲಿ ಬಿದ್ದುಹೋಯಿತು. ಸದ್ಯಕ್ಕೆ ಬೇರೆ ಹಡಗುಗಳಿಗೆ ಸಿಕ್ಕಿಸಿಕೊಳ್ಳುವ ಉಪಕರಣಗಳಲ್ಲಿ ಕಾಲ ತಳ್ಳುತ್ತಿದ್ದಾರೆ. ಹೌದು, ಇಲ್ಲಿ ಮಾತ್ರ ನಿಮ್ಮ "ಸಿಕ್ಕಿಸಿದರೆ ಸಾಕಲ್ವಾ" ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಯಾಕೆಂದರೆ ಈಗ ಮೈನ್ ಹುಡುಕುವ ಕೆಲಸವನ್ನು ನೀರೊಳಗಿನ ಪುಟ್ಟ ಡ್ರೋನ್‌ಗಳೇ ಮಾಡಬಲ್ಲವು, ಅವನ್ನು ಇಳಿಸಲು ಒಂದು ಅಟ್ಟಣೆ ಸಿಕ್ಕರೆ ಆಯಿತು. ಹೊಸ ಗಸ್ತು ನೌಕೆಗಳಿಗೆ ಏನಾದರೂ ಕೂರಿಸಲೇಬೇಕು ಅಂತ ಹಟ ಇದ್ದರೆ ನಾನು ಕೂರಿಸುವುದು ಇದನ್ನು. 2025ರ ಜುಲೈನಲ್ಲಿ ಮೈನ್ ತೆರವು ಹಡಗುಗಳ ಖರೀದಿಗೆ ರಕ್ಷಣಾ ಖರೀದಿ ಮಂಡಳಿ ಮೊದಲ ಹಂತದ ಒಪ್ಪಿಗೆ ಕೊಟ್ಟಿತು. ಅದಾದ ಮೇಲೆ ಟೆಂಡರ್, ಚೌಕಾಸಿ, ಸಹಿ, ಆಮೇಲೆ ಉಕ್ಕು ಕತ್ತರಿಸುವುದು. ಇದರ ಬಗ್ಗೆ ಯಾರಾದರೂ ಪ್ರಶ್ನೆ ಕಳಿಸಿ, ಖುಷಿಯಿಂದ ಬರೆಯುತ್ತೇನೆ. ಬ್ರಹ್ಮೋಸ್ ಪ್ರಶ್ನೆಗೆ ಇನ್ನು ನನ್ನಿಂದ ಉತ್ತರ ಇಲ್ಲ.