ಲೈವ್ ಗೇಮಿನ ದುಡ್ಡು: ಎಲ್ಲಿಂದ ಬಂತು, ಯಾರ ಹೆಸರಿಗೆ ಬಂತು?

ಗೇಮ್ ಸ್ಟ್ರೀಮಿಂಗ್, ಅಂದರೆ ಆಟ ಆಡುತ್ತಾ ಅದನ್ನು ನೆಟ್‌ನಲ್ಲಿ ನೇರವಾಗಿ ತೋರಿಸುವ ಕಸುಬು, ಯಾವ ಕಡೆ ಹೊರಳುತ್ತಿದೆ ಎಂಬುದು ಆಡಿಟರಾದ ನನಗೆ ಗೊತ್ತಾಗುವುದು ಹುಡುಗರ ಬ್ಯಾಂಕ್ ಸ್ಟೇಟ್‌ಮೆಂಟಿನಿಂದ. ದಾವಣಗೆರೆ ಪಿ.ಜೆ. ಬಡಾವಣೆಯ ನಮ್ಮ ಆಫೀಸಿಗೆ ಮಂಡಿ ವರ್ತಕರು, ಜವಳಿ ಅಂಗಡಿಯವರ ಜೊತೆ ಈಗ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಮೊಬೈಲ್ ಆಟ ಆಡುತ್ತಾ ಯೂಟ್ಯೂಬ್‌ನಲ್ಲಿ ಲೈವ್ ಬರುವವರೂ ಫೈಲ್ ಹಿಡಿದು ಬರುತ್ತಾರೆ. ಅವರ ಖಾತೆಯಲ್ಲಿ ನಾಲ್ಕು ಬಗೆಯ ಜಮೆ ಕಾಣುತ್ತದೆ: ಯೂಟ್ಯೂಬ್ ಕಳಿಸಿದ್ದು, ನೋಡುಗರು ಯುಪಿಐನಲ್ಲಿ ಹಾಕಿದ ಇಪ್ಪತ್ತು–ಐವತ್ತು ರೂಪಾಯಿ, ಟೂರ್ನಮೆಂಟ್ ಬಹುಮಾನ, ಕಂಪನಿಗಳು ಪ್ರಚಾರಕ್ಕೆ ಕೊಟ್ಟದ್ದು.

ಹೆಚ್ಚು ಏಟು ಬಿದ್ದಿರುವುದು ಈ ಕೊನೆಯದಕ್ಕೆ. ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಆ್ಯಪ್‌ಗಳು ಪ್ರಚಾರಕ್ಕೆ ಧಾರಾಳವಾಗಿ ಸುರಿಯುತ್ತಿದ್ದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನೇ ನಿಷೇಧಿಸಿತು. ಜಾಹೀರಾತು ಮಾಡಿದವರಿಗೂ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್‌ಗಳಿಗೆ, ಮಾನ್ಯತೆ ಕೊಟ್ಟಿದೆ. ನಿಷೇಧ ಆಗಲೇಬೇಕಿತ್ತು, ಅಂಥ ಆ್ಯಪ್‌ಗಳಲ್ಲಿ ಅಂಗಡಿ ಬಂಡವಾಳವನ್ನೇ ಕಳೆದುಕೊಂಡವರ ಲೆಕ್ಕವೂ ನನ್ನ ಮೇಜಿಗೆ ಬಂದಿದೆ. ಹಳೆಯ ವಿಡಿಯೊಗಳ ಕೆಳಗೆ ಆ ಲಿಂಕ್‌ಗಳು ಇನ್ನೂ ಇದ್ದರೆ ಇವತ್ತೇ ತೆಗೆದುಹಾಕಿ.

ಆಟವನ್ನಾಗಲಿ, ವೇದಿಕೆಯನ್ನಾಗಲಿ ನೆಚ್ಚಿಕೊಂಡು ಕೂರುವ ಹಾಗೂ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ನಿಷೇಧಕ್ಕೆ ಸಿಕ್ಕಿ ಪಬ್‌ಜಿ ಮೊಬೈಲ್ ಆಟ ಹೋಯಿತು. ಅದರ ಬದಲಿಗೆ ಬಂದ ಬಿಜಿಎಂಐ 2022ರ ಜುಲೈನಲ್ಲಿ ಮಾಯವಾಗಿ 2023ರ ಮೇನಲ್ಲಿ ವಾಪಸ್ ಬಂತು. ಮೈಕ್ರೋಸಾಫ್ಟ್‌ನಂಥ ಮೈಕ್ರೋಸಾಫ್ಟೇ ಗೇಮ್ ಲೈವ್ ತೋರಿಸುವ ತನ್ನ ಮಿಕ್ಸರ್ ವೇದಿಕೆಯನ್ನು 2020ರಲ್ಲಿ ಮುಚ್ಚಿತು. ಅಮೆಜಾನ್ ಒಡೆತನದ ಅಂಥದ್ದೇ ವೇದಿಕೆ ಟ್ವಿಚ್ 2024ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದಿಂದ ಕಾಲ್ತೆಗೆಯಿತು. ಅಲ್ಲಿನ ನೆಟ್‌ವರ್ಕ್ ಶುಲ್ಕ ಭರಿಸಲಾಗದು ಎಂಬುದು ಅದು ಕೊಟ್ಟ ಕಾರಣ.

ಹಾಗಾಗಿ ಸ್ಟ್ರೀಮರ್‌ಗಳು ನೇರವಾಗಿ ನೋಡುಗರ ಕಡೆಗೇ ತಿರುಗಿದ್ದಾರೆ. ಸೂಪರ್‌ಚಾಟ್ (ಲೈವ್‌ನಲ್ಲಿ ಹಣ ಕೊಟ್ಟು ಹಾಕುವ ಸಂದೇಶ), ಮೆಂಬರ್‌ಶಿಪ್ (ತಿಂಗಳ ಚಂದಾ)ನಲ್ಲಿ ಯೂಟ್ಯೂಬ್ ಶೇ 30ರಷ್ಟು ಇಟ್ಟುಕೊಳ್ಳುತ್ತದೆ. ಅದನ್ನು ಉಳಿಸಲು ಸ್ಕ್ರೀನ್ ಮೂಲೆಯಲ್ಲಿ ಯುಪಿಐ ಕ್ಯುಆರ್ ಕೋಡ್ ಹಾಕುತ್ತಾರೆ. ‘ಇದು ಗಿಫ್ಟ್ ಸರ್, ಐವತ್ತು ಸಾವಿರದವರೆಗೆ ಟ್ಯಾಕ್ಸ್ ಇಲ್ಲ’ ಎಂಬ ಮಾತು ನಾನು ಪದೇ ಪದೇ ಕೇಳುತ್ತೇನೆ. ಅದು ತಪ್ಪು. ಲೈವ್ ನೋಡಿ ಖುಷಿಪಟ್ಟು ಹಾಕಿದ ಹಣ ನಿಮ್ಮ ಕಸುಬಿನ ಆದಾಯ. ಸಣ್ಣ ಮೊತ್ತ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದುಕೊಳ್ಳಬೇಡಿ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದೇ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಹದಿನೇಳು. ಯೂಟ್ಯೂಬ್ ಈಗ 16 ತುಂಬಿದವರಿಗೆ ಒಬ್ಬರೇ ಲೈವ್ ಬರಲು ಬಿಡುತ್ತದೆ, ಆದರೆ ದುಡ್ಡು ಬರುವ ಆ್ಯಡ್‌ಸೆನ್ಸ್ ಖಾತೆಗೆ 18 ಆಗಿರಬೇಕು. ಹಾಗಾಗಿ ಖಾತೆ ಅಪ್ಪನ ಹೆಸರಲ್ಲಿತ್ತು. ‘ತೋಟದ ದುಡ್ಡಿಗೆ ಯಾವತ್ತೂ ಟ್ಯಾಕ್ಸ್ ಕಟ್ಟಿದವರಲ್ಲ ಸಾರ್, ಇದಕ್ಯಾಕೆ ಕಟ್ಟಬೇಕು?’ ಎಂದರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇದೇ ಪರಿಸ್ಥಿತಿ. ಕೃಷಿ ಆದಾಯಕ್ಕೆ ವಿನಾಯಿತಿ ಇರುವುದರಿಂದ ಮೂರು ತಲೆಮಾರಿನಲ್ಲಿ ಯಾರೂ ರಿಟರ್ನ್ ಹಾಕಿರುವುದಿಲ್ಲ. ಮನೆಯ ಮೊದಲ ರಿಟರ್ನ್ ಹುಡುಗನ ಆಟದಿಂದ ಶುರುವಾಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಅಪ್ರಾಪ್ತ ಮಕ್ಕಳ ಬಡ್ಡಿಯಂಥ ಆದಾಯವನ್ನು ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸುತ್ತಾರೆ. ಸ್ವಂತ ಪ್ರತಿಭೆ, ಕೌಶಲದಿಂದ ದುಡಿದದ್ದನ್ನು ಸೇರಿಸುವುದಿಲ್ಲ, ಅದು ಮಗುವಿನದೇ. ಆದರೆ ಖಾತೆ ಅಪ್ಪನದಾದರೆ ಇಲಾಖೆ ಮೊದಲು ಕೇಳುವುದು ಅಪ್ಪನನ್ನೇ. ಅದಕ್ಕೇ ಆ ಹುಡುಗನಿಗೆ ಪ್ಯಾನ್ ಮಾಡಿಸಿ, ಚಾನೆಲ್ ನಡೆಸುವವನು ಅವನೇ ಎಂದು ತೋರಿಸುವ ದಾಖಲೆ ಜೋಡಿಸಿ, ಈ ದುಡ್ಡಿಗೆಂದೇ ಬೇರೆ ಬ್ಯಾಂಕ್ ಖಾತೆ ಇಡಲು ಹೇಳಿದೆ. ತೋಟದ ಹಣದ ಜೊತೆ ಬೆರೆತರೆ ಆಮೇಲೆ ಬಿಡಿಸುವುದು ಬಹಳ ಕಷ್ಟ.

ಇನ್ನು ಆ್ಯಡ್‌ಸೆನ್ಸ್‌ನಲ್ಲಿ ಅಮೆರಿಕದ ತೆರಿಗೆ ಮಾಹಿತಿಯ ಫಾರ್ಮ್ ಕೇಳುತ್ತದೆ, ಅದನ್ನು ತುಂಬಿ. ತುಂಬದಿದ್ದರೆ ಒಟ್ಟು ಗಳಿಕೆಯಲ್ಲೇ ಶೇ 24ರವರೆಗೆ ಕಡಿತವಾಗಬಹುದು. ಸರಿಯಾಗಿ ತುಂಬಿದರೆ ಅಮೆರಿಕದ ನೋಡುಗರಿಂದ ಬಂದ ಭಾಗಕ್ಕೆ ಮಾತ್ರ ಕಡಿತ. ಕನ್ನಡದಲ್ಲಿ ಮಾತಾಡುವ ಚಾನೆಲ್‌ಗೆ ಆ ಭಾಗ ಅತ್ಯಲ್ಪ. ಕಂಪನಿ ಪ್ರಚಾರಕ್ಕೆಂದು ಕೊಟ್ಟ ಫೋನನ್ನು ನೀವೇ ಇಟ್ಟುಕೊಂಡರೆ ಅದೂ ಆದಾಯವೇ. ವರ್ಷದಲ್ಲಿ ಅಂಥ ವಸ್ತುಗಳ ಮೌಲ್ಯ 20,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ) ಇದೆ.

ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲವೆಂದು ಸುಮ್ಮನಿರುವವರೂ ಇದ್ದಾರೆ. ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಹಾಕಲೇಬೇಕು. ಅದಕ್ಕಿಂತ ಕಡಿಮೆ ಇದ್ದರೂ ಹಾಕಿ, ಹಿಡಿದ ಟಿಡಿಎಸ್ ವಾಪಸ್ ಬರುವುದು ಆಗಲೇ. ಮುಂದೆ ಒಳ್ಳೆಯ ಕಂಪ್ಯೂಟರ್‌ಗೆ ಸಾಲ ಕೇಳಲು ಹೋದರೆ ಬ್ಯಾಂಕ್ ಮ್ಯಾನೇಜರ್ ನಿಮ್ಮ ಸಬ್‌ಸ್ಕ್ರೈಬರ್ ಸಂಖ್ಯೆ ನೋಡುವುದಿಲ್ಲ, ಹಿಂದಿನ ವರ್ಷಗಳ ರಿಟರ್ನ್ ಕೇಳುತ್ತಾರೆ.