ಪದ ಪರಿಚಯ: ಮೊಬೈಲ್ ಆರ್ಕಿಟೆಕ್ಚರ್

ಮೊಬೈಲ್ ಅಂದ ಕೂಡಲೇ ಕೈ ಜೇಬಿಗೆ ಹೋಗುತ್ತದೆ, ಅಲ್ವಾ? ಈ ಮೊಬೈಲ್ ಜೇಬಿನ ಫೋನಿಗಿಂತ ಹಳೆಯದು. 'ಸಂಚಾರಿ ವಾಸ್ತುಶಿಲ್ಪ' ಅಂತ ಕನ್ನಡಕ್ಕೆ ತಂದರೆ ಇನ್ನೂ ಎಡವಟ್ಟು. ಸಂಚಾರಿ ಗ್ರಂಥಾಲಯದ ಹಾಗೆ ಚಕ್ರದ ಮೇಲೆ ಓಡುವ ಮನೆ ಕಣ್ಣ ಮುಂದೆ ಬರುತ್ತದೆ.

ಈ ಮಾತನ್ನು ಚಾಲ್ತಿಗೆ ತಂದವರು ವಾಸ್ತುಶಿಲ್ಪಿ ಯೋನಾ ಫ್ರೀಡ್‌ಮನ್. 1923ರಲ್ಲಿ ಬುಡಾಪೆಸ್ಟಿನ ಯಹೂದಿ ಮನೆಯೊಂದರಲ್ಲಿ ಹುಟ್ಟಿದರು. 1944ರಲ್ಲಿ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊ ಕೈಗೆ ಸಿಕ್ಕಿಯೂ ಬದುಕಿ ಉಳಿದರು. ಯುದ್ಧ ಮುಗಿದ ಮೇಲೆ ಹುಟ್ಟೂರು ಬಿಟ್ಟು ಈಗಿನ ಇಸ್ರೇಲಿನ ಹೈಫಾಗೆ ಹೋದರು, 1957ರಲ್ಲಿ ಅಲ್ಲಿಂದ ಪ್ಯಾರಿಸಿಗೆ. ಹೀಗೆ ಮತ್ತೆ ಮತ್ತೆ ಗಂಟುಮೂಟೆ ಕಟ್ಟಿದವರಿಗೆ ಗೋಡೆ ಅನ್ನುವುದು ಶಾಶ್ವತ ಅನ್ನಿಸದಿದ್ದರೆ ಅಚ್ಚರಿಯೇನಿಲ್ಲ, ನನ್ನ ಮಟ್ಟಿಗಂತೂ.

1956ರಲ್ಲಿ ಆಗಿನ ಯುಗೊಸ್ಲಾವಿಯಾದ ದುಬ್ರೊವ್ನಿಕ್‌ನಲ್ಲಿ ಆಧುನಿಕ ವಾಸ್ತುಶಿಲ್ಪಿಗಳ ಸಮ್ಮೇಳನ ಸೇರಿತ್ತು. ಅಲ್ಲಿ ಅವರು ಎತ್ತಿದ ತಕರಾರು ಇದೇ: ಆರ್ಕಿಟೆಕ್ಟುಗಳು ಒಬ್ಬ 'ಸರಾಸರಿ ಮನುಷ್ಯ'ನಿಗಾಗಿ ಮನೆ ಕಟ್ಟುತ್ತಾರೆ, ಆದರೆ ಅಂಥವನು ಎಲ್ಲೂ ಇಲ್ಲ. ಇರುವವರು ಬೇರೆ ಬೇರೆ ಜನ, ಅವರ ಮನಸ್ಸೂ ದಿನಕ್ಕೊಂದು ಥರ. ಹಾಗಾಗಿ ಮನೆಯ ನಕ್ಷೆ ಅದರಲ್ಲಿ ಇರುವವರ ಕೈಲಿರಬೇಕು. ಗೋಡೆ, ನೆಲ, ಕಿಟಕಿ ಎಲ್ಲವನ್ನೂ ಬೇಕೆಂದಾಗ ಕಳಚಿ ಬೇರೆ ಕಡೆ ಜೋಡಿಸಲು ಬರಬೇಕು. 'ಮೊಬೈಲ್' ಅಂದರೆ ಇಷ್ಟೇ.

ಇದನ್ನೇ ಹಿಗ್ಗಿಸಿ ಒಂದು ಊರನ್ನೇ ಕಲ್ಪಿಸಿದರು. ಈಗಿರುವ ನಗರದ ಮೇಲೆ ಎತ್ತರದ ಕಂಬಗಳು, ಕಂಬಗಳ ಮೇಲೆ ದೊಡ್ಡದೊಂದು ಚೌಕಟ್ಟಿನ ಜಾಲ. ಜಾಲ ಮಾತ್ರ ಕಾಯಂ. ಅದರೊಳಗಿನ ಮನೆಗಳು ನಿಮ್ಮಿಷ್ಟ. ಕೆಳಗಿನವರಿಗೆ ಬೆಳಕು ಬೀಳಲೆಂದು ನಡುನಡುವೆ ಖಾಲಿ ಬಿಡಬೇಕು, ಅಷ್ಟೆ.

ನನಗೆ ಜಾಸ್ತಿ ಇಷ್ಟವಾದದ್ದು 1970ರಲ್ಲಿ ಜಪಾನಿನ ಒಸಾಕದಲ್ಲಿ ನಡೆದ ವಿಶ್ವ ಮೇಳಕ್ಕೆಂದು ಅವರು ಯೋಚಿಸಿದ ಫ್ಲಾಟ್‌ರೈಟರ್. ಟೈಪ್‌ರೈಟರಿನಂಥ ಯಂತ್ರ. ಅಡುಗೆಮನೆ ಎಲ್ಲಿ, ಬಚ್ಚಲು ಯಾವ ಕಡೆ, ಕೋಣೆಯ ಆಕಾರ ಏನು? ಕೀಲಿ ಒತ್ತುತ್ತಾ ಹೋದರೆ ನಿಮ್ಮ ಮನೆಯ ನಕ್ಷೆ ಸಿದ್ಧ. ನಿಮ್ಮ ಆಯ್ಕೆಯಿಂದ ಅಕ್ಕಪಕ್ಕದವರ ಗಾಳಿ ಬೆಳಕಿಗೆ ಅಡ್ಡಿಯಾದರೆ ಅದನ್ನೂ ಯಂತ್ರವೇ ಹೇಳಬೇಕು! ಅದು ಕಾಗದದ ಮೇಲೇ ಉಳಿಯಿತು.

ಸುಮ್ನೆ ಕನಸು ಅಂತ ನಕ್ಕವರಿದ್ದರು. ಆದರೆ ಫ್ರಾನ್ಸಿನ ಆಂಜೆ ಊರಿನ ಬರ್ಗ್‌ಸನ್ ಶಾಲೆಯ ನಕ್ಷೆಯನ್ನು ಅದನ್ನು ಬಳಸುವವರ ಕೈಯಲ್ಲೇ ಮಾಡಿಸಿದರು. ಬಡವರು ತಾವೇ ಸೂರು ಕಟ್ಟಿಕೊಳ್ಳಲಿ ಅಂತ ಕಾಮಿಕ್ಸಿನ ಹಾಗೆ ಗೆರೆಚಿತ್ರದ ಕೈಪಿಡಿಗಳನ್ನು ಬರೆದರು. 1980ರ ದಶಕದಲ್ಲಿ ಮದ್ರಾಸಿಗೂ ಬಂದರು. ಅಲ್ಲಿ ಅವರ ಯೋಜನೆಯಂತೆ 'ಸರಳ ತಂತ್ರಜ್ಞಾನ'ದ ಮ್ಯೂಸಿಯಂ ಒಂದು ಎದ್ದಿತು. ಗುಮ್ಮಟಗಳಿಗೆ ಬಳಸಿದ್ದು ಬಿದಿರು, ಬುಟ್ಟಿ ಹೆಣೆದ ಹಾಗೆ.